ತೊಗರಿ ಎಲ್ಲರದು, ಗುಲ್ಬರ್ಗಾ ಯಾರದು?

(ಭೀಮಾ ತೀರದ ಘತ್ತರಗಿಯಲ್ಲಿ ರೈತರ ಎದುರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಹೆಸರುಗಳ ಬಗ್ಗೆ ಮಾತನಾಡಲು ನಿಮ್ಮ ಊರಿಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಲಾರದು. ಭಾಗ್ಯವಂತಿ ಎಂಬುದು ಈ ಸೀಮೆಯಲ್ಲಿ ಮನೆಮನೆಯ ಹೆಸರು. ಮಗಳಿಗೆ ಇಡುತ್ತೀರಿ, ಕಿರಾಣಿ ಅಂಗಡಿಗೆ ಇಡುತ್ತೀರಿ, ಗಾಡಿಯ ಹಿಂದೆ ಬರೆಸುತ್ತೀರಿ. ಅದಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಆದರೆ ‘ಘತ್ತರಗಿ ಭಾಗ್ಯವಂತಿ’ ಎಂದ ಕೂಡಲೆ ಮಾತು ಬೇರೆಯಾಗುತ್ತದೆ. ಆಗ ಅದು ಭೀಮಾ ನದಿಯ ಈ ದಂಡೆಯ, ಈ ಗುಡಿಯ ತಾಯಿಯ ಹೆಸರು. ಎಲ್ಲೋ ನೂರು ಮೈಲಿ ಆಚೆ ಒಬ್ಬ ಗುಡಿ ಕಟ್ಟಿಸಿ, ‘ಘತ್ತರಗಿ ಅಂದರೆ ಇದೇ, ಕಾಯಿ ಇಲ್ಲೇ ಒಡೆಯಿರಿ’ ಎಂದು ಬೋರ್ಡು ಹಾಕಿದರೆ ನೀವು ನಗುತ್ತೀರೋ, ಜಗಳಕ್ಕೆ ಹೋಗುತ್ತೀರೋ ನಾನು ಹೇಳಲಾರೆ. ಒಪ್ಪಿಕೊಳ್ಳುವುದಂತೂ ಇಲ್ಲ.

ಎಲ್ಲರಿಗೂ ಸೇರಿದ ಹೆಸರು ಒಂದು, ಊರು ಸೇರಿಕೊಂಡ ಹೆಸರು ಇನ್ನೊಂದು. ನಿಮಗೆ ಸಹಜವಾಗಿ ಗೊತ್ತಿರುವ ಈ ವ್ಯತ್ಯಾಸದ ಮೇಲೆಯೇ ಇವತ್ತು ಜಗತ್ತಿನ ದೊಡ್ಡ ದೇಶಗಳು ಆಹಾರ ಪದಾರ್ಥಗಳ ವ್ಯಾಪಾರದಲ್ಲಿ ಕಾದಾಡುತ್ತಿವೆ. ಅವರ ಜಗಳ ಬಹುಮಟ್ಟಿಗೆ ಚೀಸಿನದು. ನಮ್ಮದು ತೊಗರಿಯದು. ಆದ್ದರಿಂದ ತೊಗರಿಯಿಂದಲೇ ಹೊರಡುತ್ತೇನೆ.

ತೊಗರು ಎಂದರೆ ಕನ್ನಡದಲ್ಲಿ ಒಗರು, ಕೆಂಪು ಎಂಬ ಅರ್ಥಗಳುಂಟು. ತಮಿಳಿನವರು ತುವರೈ ಎನ್ನುತ್ತಾರೆ, ಮರಾಠಿಯವರು ತೂರ್ ಎನ್ನುತ್ತಾರೆ, ತೆಲುಗರು ಕಂದಿ ಎನ್ನುತ್ತಾರೆ, ಉತ್ತರದವರಿಗೆ ಅದು ಅರಹರ್. ಈ ಬೆಳೆಯ ಹುಟ್ಟೂರು ಭಾರತವೇ ಎಂಬುದು ಸಸ್ಯವಿಜ್ಞಾನಿಗಳ ಬಹುಮತ. ಅದರ ಹತ್ತಿರದ ಕಾಡು ಬಂಧು ಇಂದಿಗೂ ಪೂರ್ವ ಘಟ್ಟಗಳ ಕಡೆ ಬೆಳೆಯುತ್ತದೆ. ಇಲ್ಲಿಂದ ಅದು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಯಿತು. ಅಲ್ಲಿಂದ ಗುಲಾಮರ ಹಡಗುಗಳ ಜೊತೆ ಕೆರಿಬಿಯನ್ ದ್ವೀಪಗಳಿಗೆ ಹೋಯಿತು. ಬಾರ್ಬಡೋಸ್‌ನಲ್ಲಿ ಅದನ್ನು ಪಾರಿವಾಳಗಳಿಗೆ ಹಾಕುತ್ತಿದ್ದರೆಂದು ಇಂಗ್ಲಿಷರು ‘ಪಾರಿವಾಳದ ಬಟಾಣಿ’ ಎಂದು ಕರೆದರು. ನಾವು ಸಾರು ಮಾಡಿ ಅತಿಥಿಗೆ ಬಡಿಸುವ ಕಾಳಿಗೆ ಇಂಗ್ಲಿಷಿನಲ್ಲಿ ಹಕ್ಕಿಯ ಮೇವಿನ ಹೆಸರು! ಜಮೈಕಾದಲ್ಲಿ ಅದು ಗುಂಗೋ, ಪೋರ್ಟೊ ರಿಕೊದಲ್ಲಿ ಗಂಡೂಲೆಸ್, ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಂಬಾಝಿ.

ಇಷ್ಟು ಹೆಸರುಗಳಿದ್ದರೂ ಅಂತಾರಾಷ್ಟ್ರೀಯ ವ್ಯಾಪಾರದ ಲೆಕ್ಕದ ಪುಸ್ತಕದಲ್ಲಿ ತೊಗರಿಗೆ ಬಹುಕಾಲ ಹೆಸರೇ ಇರಲಿಲ್ಲ. ಬಂದರಿನಲ್ಲಿ ಸುಂಕ ಹಾಕಲು ಎಲ್ಲ ದೇಶಗಳೂ ಒಪ್ಪಿಕೊಂಡ ಸರಕುಗಳ ಒಂದು ಪಟ್ಟಿ ಇದೆ. ಅದರಲ್ಲಿ ಬಟಾಣಿಗೆ ಒಂದು ಅಂಕಿ, ಕಡಲೆಗೆ ಒಂದು, ಚನ್ನಂಗಿಗೆ ಒಂದು. ತೊಗರಿಗೆ ಪ್ರತ್ಯೇಕ ಅಂಕಿ ದೊರೆತದ್ದು 2012ರಲ್ಲಿ. ಅಲ್ಲಿಯವರೆಗೆ ಆ ಜಾಗತಿಕ ಪಟ್ಟಿಯಲ್ಲಿ ಅದು ‘ಇತರ’ ಕಾಳುಗಳ ಗುಂಪಿನಲ್ಲಿತ್ತು. ಹೆಸರಿಲ್ಲದ ಸರಕಿನ ಲೆಕ್ಕವೂ ಸರಿಯಾಗಿ ಸಿಗುವುದಿಲ್ಲ. ಎಷ್ಟು ಟನ್ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಜಗತ್ತಿಗೆ ಒಂದೇ ಅಳತೆಯಲ್ಲಿ ತಿಳಿಯುವುದು ಅದಕ್ಕೊಂದು ಹೆಸರು, ಅಂಕಿ ಸಿಕ್ಕ ಮೇಲೆಯೇ.

ಇನ್ನು ಚೀಸಿನ ಜಗಳ. ಹಾಲನ್ನು ಹೆಪ್ಪುಗಟ್ಟಿಸಿ, ಒತ್ತಿ, ತಿಂಗಳುಗಟ್ಟಲೆ ಇಟ್ಟು ಪಕ್ವ ಮಾಡುವ ಪದಾರ್ಥ ಅದು. ಯುರೋಪಿನಲ್ಲಿ ಒಂದೊಂದು ಸೀಮೆಗೆ ಒಂದೊಂದು ಬಗೆ. ಗ್ರೀಸ್ ದೇಶದವರು ‘ಫೆಟಾ’ ನಮ್ಮದು ಎಂದರು. ನಾವೂ ಬಹಳ ವರ್ಷಗಳಿಂದ ಮಾಡುತ್ತಿದ್ದೇವೆ, ಅದು ಒಂದು ಬಗೆಯ ಚೀಸಿನ ಸಾಮಾನ್ಯ ಹೆಸರು ಎಂದು ಡೆನ್ಮಾರ್ಕ್, ಜರ್ಮನಿಗಳು ವಾದಿಸಿದವು. 2005ರಲ್ಲಿ ಯುರೋಪಿನ ನ್ಯಾಯಾಲಯ ಗ್ರೀಸಿನ ಪರ ತೀರ್ಪಿತ್ತಿತು. ಅದೇ ನ್ಯಾಯಾಲಯ 2008ರಲ್ಲಿ, ‘ಪಾರ್ಮೆಸಾನ್’ ಎನ್ನುವ ಹೆಸರು ಇಟಲಿಯ ಪಾರ್ಮಾ ಸೀಮೆಯ ಚೀಸನ್ನೇ ನೆನಪಿಗೆ ತರುವುದರಿಂದ ಬೇರೆಯವರು ಬಳಸಬಾರದು ಎಂದಿತು. ಅಟ್ಲಾಂಟಿಕ್ ಸಾಗರ ದಾಟಿದರೆ ನ್ಯಾಯವೇ ತಿರುಗುಮುರುಗು. ಅಮೆರಿಕದಲ್ಲಿ ಪಾರ್ಮೆಸಾನ್ ಯಾರು ಬೇಕಾದರೂ ಮಾಡಬಹುದು. ಸ್ವಿಟ್ಜರ್ಲೆಂಡ್, ಫ್ರಾನ್ಸ್‌ಗಳ ‘ಗ್ರುಯೇರ್’ ಹೆಸರು ಅಮೆರಿಕದಲ್ಲಿ ಸಾಮಾನ್ಯ ಹೆಸರಾಗಿಬಿಟ್ಟಿದೆ ಎಂದು 2023ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಹೇಳಿತು.

ಅಮೆರಿಕದ ವಾದವನ್ನು ಬರೀ ವ್ಯಾಪಾರಿಗಳ ಹಟವೆಂದು ತಳ್ಳಿಹಾಕುವಂತಿಲ್ಲ. ನೂರಿನ್ನೂರು ವರ್ಷಗಳ ಹಿಂದೆ ಯುರೋಪಿನಿಂದ ವಲಸೆ ಹೋದವರು ತಮ್ಮ ಅಡುಗೆಯನ್ನೂ ಅದರ ಹೆಸರನ್ನೂ ಒಯ್ದರು. ಮೊಮ್ಮಕ್ಕಳು ಆ ಹೆಸರಿನಲ್ಲಿಯೇ ಮಾಡಿ ಮಾರಿದರು. ಇವತ್ತು ಬಂದು ಹೆಸರು ಕೊಡಿ ಎಂದರೆ ಹೇಗೆ ಎನ್ನುವುದು ಅವರ ಪ್ರಶ್ನೆ. ಸಾಮಾನ್ಯ ಆಹಾರದ ಹೆಸರುಗಳ ರಕ್ಷಣೆಗೆಂದೇ ಅಲ್ಲಿ 2012ರಲ್ಲಿ ಉದ್ಯಮಗಳ ಒಂದು ಕೂಟ ಹುಟ್ಟಿತು. 2018ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ವ್ಯಾಪಾರದ ಒಪ್ಪಂದ ಮಾಡಿಕೊಂಡಾಗ, ಅದಕ್ಕೆ ಅಂಟಿಸಿದ ಪತ್ರವೊಂದರಲ್ಲಿ 33 ಚೀಸ್ ಹೆಸರುಗಳನ್ನು ಬರೆದಿದ್ದರು. ಹೊಲದ ಬದುವಿಗೆ ಕಲ್ಲು ನೆಡುತ್ತೇವಲ್ಲ, ಹಾಗೆ ಹೆಸರುಗಳಿಗೆ ಕಲ್ಲು ನೆಟ್ಟರು.

ಈ ಗದ್ದಲದ ನಡುವೆ ನಮಗೆ ಕಲಿಯಲು ಯೋಗ್ಯವಾದ ಒಂದು ಪದ್ಧತಿ ಯುರೋಪಿನಲ್ಲಿಯೇ ಇದೆ. ‘ಕಮಾಂಬೇರ್’ ಎಂಬ ಚೀಸನ್ನು ಯಾರಾದರೂ ಮಾಡಬಹುದು. ‘ನಾರ್ಮಂಡಿಯ ಕಮಾಂಬೇರ್’ ಎಂದು ಬರೆಯಬೇಕಾದರೆ ನಾರ್ಮಂಡಿಯಲ್ಲೇ ಅಲ್ಲಿಯ ನಿಯಮದಂತೆ ಮಾಡಿರಬೇಕು. ಇಂಗ್ಲೆಂಡಿನ ಚೆಡ್ಡರ್ ಎಂಬ ಹಳ್ಳಿಯ ಹೆಸರು ಇವತ್ತು ಲೋಕದ ಸೊತ್ತು, ಅಮುಲ್‌ನಂಥ ನಮ್ಮ ಡೇರಿಗಳೂ ಚೆಡ್ಡರ್ ಮಾಡುತ್ತವೆ. ಹೆಸರಿನ ಒಂದು ತುಂಡು ಊರಿನವರದು, ಇನ್ನೊಂದು ತುಂಡು ಎಲ್ಲರದು. ಘತ್ತರಗಿ ಭಾಗ್ಯವಂತಿಯ ಲೆಕ್ಕವೇ.

ಭಾರತಕ್ಕೆ ಈ ವಿಷಯ ಅರ್ಥವಾದದ್ದು ಬಾಸುಮತಿಯ ಪೆಟ್ಟು ತಿಂದ ಮೇಲೆ. ವಿಶ್ವ ವ್ಯಾಪಾರ ಸಂಸ್ಥೆ 1995ರಲ್ಲಿ ಜಾರಿಗೆ ಬಂತು. ಅದರ ಬೌದ್ಧಿಕ ಆಸ್ತಿಯ ಒಪ್ಪಂದದಲ್ಲಿ ಊರಿನ ಹೆಸರಿಗೆ ರಕ್ಷಣೆ ಕೊಡಬೇಕೆಂದಿದೆ. ಆದರೆ ಅದರ 24ನೆಯ ವಿಧಿಯಲ್ಲಿ ಎರಡು ಕಿಂಡಿಗಳಿವೆ. ಒಂದು ದೇಶದ ಆಡುಮಾತಿನಲ್ಲಿ ಆ ಹೆಸರು ಪದಾರ್ಥದ ಸಾಮಾನ್ಯ ಹೆಸರೇ ಆಗಿದ್ದರೆ ಆ ದೇಶ ರಕ್ಷಣೆ ಕೊಡಬೇಕಾಗಿಲ್ಲ. ಮೂಲ ದೇಶದಲ್ಲೇ ರಕ್ಷಣೆ ಇಲ್ಲದಿದ್ದರೆ ಹೊರಗಿನವರೂ ಕೊಡಬೇಕಾಗಿಲ್ಲ. ಆಗ ನಮ್ಮಲ್ಲಿ ಇಂಥ ಕಾನೂನೇ ಇರಲಿಲ್ಲ. 1997ರಲ್ಲಿ ಅಮೆರಿಕದ ಟೆಕ್ಸಾಸಿನ ರೈಸ್‌ಟೆಕ್ ಎಂಬ ಕಂಪನಿ ಬಾಸುಮತಿ ಬಗೆಯ ಅಕ್ಕಿಯ ಮೇಲೆ ಪೇಟೆಂಟ್ ಪಡೆಯಿತು. ದೇಶದಲ್ಲಿ ದೊಡ್ಡ ಕೂಗೆದ್ದಿತು. ಭಾರತ 2000ದಲ್ಲಿ ಪ್ರಶ್ನಿಸಿದ ಮೇಲೆ ಆ ಪೇಟೆಂಟಿನ 20 ಹಕ್ಕುಗಳಲ್ಲಿ ಹೆಚ್ಚಿನವು ಬಿದ್ದುಹೋದವು. ನಾವು ಗೆದ್ದೆವೆಂದು ಪತ್ರಿಕೆಗಳು ಬರೆದವು. ಪೇಟೆಂಟ್ ಮೊಟಕಾದದ್ದು ನಿಜ. ಹೆಸರು ಮಾತ್ರ ನಮ್ಮ ಕೈಗೆ ಬರಲಿಲ್ಲ. ಬಾಸುಮತಿ ಎಂದರೆ ಸುವಾಸನೆಯ ಅಕ್ಕಿಯ ಒಂದು ಬಗೆ, ಎಲ್ಲಿ ಬೆಳೆದರೂ ಹಾಗೆನ್ನಬಹುದು ಎಂಬ ನಿಲುವನ್ನೇ ಅಮೆರಿಕದ ಅಧಿಕಾರಿಗಳು 2001ರಲ್ಲಿ ಹಿಡಿದರು.

ನಮ್ಮ ಭೌಗೋಳಿಕ ಗುರುತುಗಳ ಕಾಯಿದೆ 1999ರ ಕೊನೆಗೆ ಆಯಿತು, 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಬಾಸುಮತಿಗೆ ಅಲ್ಲಿ ಗುರುತು ಸಿಕ್ಕಿದ್ದು 2016ರಲ್ಲಿ. ಸಿಕ್ಕ ಮೇಲಾದರೂ ಜಗಳ ಮುಗಿಯಿತೆ? ನಮ್ಮನ್ನೇಕೆ ಹೊರಗಿಟ್ಟಿರಿ ಎಂದು ಮಧ್ಯಪ್ರದೇಶ ಕೋರ್ಟಿಗೆ ಹೋಯಿತು. ಗಡಿಯಾಚೆ ಪಾಕಿಸ್ತಾನವೂ ಬಾಸುಮತಿ ನಮ್ಮದೂ ಹೌದೆನ್ನುತ್ತದೆ, ಮತ್ತು ಬೆಳೆಯುವುದೂ ಹೌದು. ಊರಿನ ಹೆಸರಿಲ್ಲದ ಹೆಸರಿಗೆ ಬೇಲಿ ಹಾಕಲು ಹೊರಟರೆ ಆಗುವ ಕಷ್ಟ ಇದು. ಬಾಸುಮತಿ ಎಂಬ ಊರಿಲ್ಲವಲ್ಲ.

ತೊಗರಿಯ ಮಟ್ಟಿಗೆ ನಾವು ಬುದ್ಧಿವಂತರಾಗಿದ್ದೇವೆ. 2019ರಲ್ಲಿ ಚೆನ್ನೈಯ ಪುಸ್ತಕದಲ್ಲಿ ಬರೆದ ಹೆಸರು ಬರೀ ತೊಗರಿ ಅಲ್ಲ, ‘ಗುಲ್ಬರ್ಗಾ ತೂರ್ ದಾಲ್’. ಈ ಹೆಸರಿನ ಮೂರು ಮಾತುಗಳನ್ನೂ ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಗುಲ್ಬರ್ಗಾ. ಸರಕಾರ 2014ರ ನವೆಂಬರ್ 1ರಂದು ಊರಿನ ಹೆಸರನ್ನು ಕಲಬುರಗಿ ಎಂದು ಮಾಡಿತು. ಐದು ವರ್ಷಗಳ ಮೇಲೆ ಬೇಳೆಗೆ ಸಿಕ್ಕ ಗುರುತಿನಲ್ಲಿ ಹಳೆಯ ಹೆಸರೇ ಇದೆ. ಇದನ್ನು ಕೆಲವರು ತಪ್ಪೆಂದು ಆಡುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಮುಂಬಯಿಯ ಸಗಟು ಬಜಾರಿನಲ್ಲಿ, ಹೈದರಾಬಾದಿನಲ್ಲಿ ವ್ಯಾಪಾರಿಗಳ ಬಾಯಲ್ಲಿ ಹತ್ತಾರು ವರ್ಷ ಓಡಾಡಿದ್ದು ಗುಲ್ಬರ್ಗಾ. ಕೀರ್ತಿ ಯಾವ ಹೆಸರಿಗೆ ಅಂಟಿಕೊಂಡಿದೆಯೋ ಆ ಹೆಸರಿಗೇ ರಕ್ಷಣೆ ಬೇಕು. ನಕ್ಷೆಯನ್ನು ಒಂದು ಆಜ್ಞೆಯಿಂದ ಬದಲಿಸಬಹುದು, ಗಿರಾಕಿಯ ನೆನಪನ್ನು ಹಾಗೆ ಬದಲಿಸಲಾಗದು.

ಎರಡನೆಯದು ತೂರ್. ಇದು ಸಾಮಾನ್ಯ ಹೆಸರು. ನಮ್ಮ ಕಾಯಿದೆಯ 9ನೆಯ ಕಲಮು, ಪದಾರ್ಥದ ಸಾಮಾನ್ಯ ಹೆಸರಾಗಿಬಿಟ್ಟದ್ದನ್ನು ನೋಂದಾಯಿಸುವಂತಿಲ್ಲ ಎನ್ನುತ್ತದೆ. ಅದರ ಪ್ರಯೋಜನವನ್ನು ನಮ್ಮ ನೆರೆಹೊರೆಯಲ್ಲಿಯೇ ನೋಡಿ. ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದ ತೂರ್ ದಾಲಿಗೆ 2016ರಲ್ಲಿ ಗುರುತು ಸಿಕ್ಕಿತು. ನಮಗೆ 2019ರಲ್ಲಿ. ಸೇಡಂ, ಚಿಂಚೋಳಿಗಳ ಗಡಿಗೆ ಹತ್ತಿರವೇ ಇರುವ ತೆಲಂಗಾಣದ ತಾಂಡೂರಿನ ತೊಗರಿಗೂ, ಕೇರಳದ ಅಟ್ಟಪ್ಪಾಡಿಯ ತೊಗರಿಗೂ 2022ರಲ್ಲಿ. ಲಾತೂರು ಜಿಲ್ಲೆಯ ಬೋರ್ಸುರಿ ತೊಗರಿಗೆ 2024ರಲ್ಲಿ. ನವಾಪುರದವರು ನಮಗಿಂತ ಮೊದಲು ಹೋಗಿ ‘ತೂರ್ ದಾಲ್’ ಎಂಬುದನ್ನೇ ತಮ್ಮ ಹೆಸರಿಗೆ ಬರೆಸಿಕೊಳ್ಳುವಂತಿದ್ದರೆ ಉಳಿದ ನಾಲ್ಕು ಸೀಮೆಗಳವರು ಏನು ಮಾಡಬೇಕಿತ್ತು? ಸಾಮಾನ್ಯ ಹೆಸರು ಬಯಲಿನಂತೆ ತೆರೆದಿದ್ದುದರಿಂದ ಐವರಿಗೂ ಅದರಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಸಿಕ್ಕಿತು.

ಮೂರನೆಯ ಮಾತು ದಾಲ್, ಅಂದರೆ ಬೇಳೆ. ಇಲ್ಲಿ ನಿಮ್ಮ ಕಿಸೆಗೆ ಸಂಬಂಧಪಟ್ಟ ವಿಚಾರ ಬರುತ್ತದೆ. ನೀವು ರಾಶಿ ಮಾಡಿ ಅಡತಿ ಅಂಗಡಿಗೆ ಒಯ್ಯುವುದು ಕಾಳು. ಅದು ಬೇಳೆಯಾಗುವುದು ದಾಲ್ ಮಿಲ್ಲಿನಲ್ಲಿ. ಹೆಸರು ಬಿದ್ದ ಪಾಕೀಟು ಹೊರಬರುವುದು ಅಲ್ಲಿಂದ. ಹಾಗಾದರೆ ಹೆಸರಿನ ಲಾಭ ಯಾರಿಗೆ? ಕಾಯಿದೆಯ ಪ್ರಕಾರ ಕೃಷಿ ಸರಕಿನ ‘ಉತ್ಪಾದಕ’ ಎಂದರೆ ಬೆಳೆಯುವವನೂ ಹೌದು, ಸಂಸ್ಕರಿಸುವವನೂ ಹೌದು, ಪಾಕೀಟು ಮಾಡುವವನೂ ಹೌದು. ಆದರೆ ಕಾನೂನಿನ ಬಲದಿಂದ ಹೆಸರನ್ನು ಬಳಸಬೇಕಾದರೆ ‘ಅಧಿಕೃತ ಬಳಕೆದಾರ’ ಎಂದು ನೋಂದಾಯಿಸಿಕೊಳ್ಳಬೇಕು. ಗುರುತು ಸಿಕ್ಕಿತೆಂದು ಸನ್ಮಾನ ಮಾಡಿ, ಹಾರ ಹಾಕಿ, ಈ ಎರಡನೆಯ ಹೆಜ್ಜೆಯನ್ನು ಮರೆತುಬಿಡುವುದು ನಮ್ಮ ದೇಶದಲ್ಲಿ ಸಾಮಾನ್ಯ ರೋಗ. ರೈತರು ಹೊರಗೆ ನಿಂತು ಮಿಲ್ಲಿನವರು, ಪಾಕೀಟಿನವರು ಮಾತ್ರ ಒಳಗೆ ಹೋದರೆ, ‘ಗುಲ್ಬರ್ಗಾ’ ಎಂಬ ಮಾತಿಗೆ ಸಿಗುವ ಹೆಚ್ಚಿನ ರೂಪಾಯಿ ಮಿಲ್ಲಿನ ಬಾಗಿಲಲ್ಲೇ ನಿಂತೀತು. ಇದು ಮಿಲ್ಲಿನವರ ಮೇಲಿನ ಆರೋಪವಲ್ಲ. ಅವರ ಕಷ್ಟ ಅವರಿಗಿದೆ, ಬಾಗಿಲು ಮುಚ್ಚಿದ ಮಿಲ್ಲುಗಳನ್ನು ನೀವೂ ಕಂಡಿದ್ದೀರಿ.

ಈಗ ಒಂದು ತೊಡಕಿನ ಪ್ರಶ್ನೆ ಕೇಳುತ್ತೇನೆ. ಮೊಜಾಂಬಿಕ್‌ನಲ್ಲಿ ಬೆಳೆದ ತೊಗರಿ ಹಡಗಿನಲ್ಲಿ ಮುಂಬಯಿಗೆ ಬಂತು ಎನ್ನಿ. ಅಲ್ಲಿಂದ ಲಾರಿಯಲ್ಲಿ ನಮ್ಮ ಜಿಲ್ಲೆಯ ಮಿಲ್ಲಿಗೆ ಬಂದು, ನಮ್ಮದೇ ಕೆಲಸಗಾರರ ಕೈಯಲ್ಲಿ ಒಡೆದು ಬೇಳೆಯಾಯಿತು. ಅದು ಯಾವ ಬೇಳೆ? ತೊಗರಿ ಬೇಳೆ, ಅದರಲ್ಲಿ ಸಂಶಯವಿಲ್ಲ. ಗುಲ್ಬರ್ಗಾ ಬೇಳೆಯೆ? ಅಲ್ಲ. ನಮ್ಮ ಬೇಳೆಯ ಹೆಸರು ನಿಂತಿರುವುದು ಈ ಎರೆಮಣ್ಣಿನ ಮೇಲೆ, ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು ಪುಷ್ಯದ ಚಳಿಯವರೆಗೆ ಗಿಡವನ್ನು ನಡೆಸುವ ಹೊಲದ ಮೇಲೆ. ಯಂತ್ರದ ಮೇಲಲ್ಲ, ಬರೀ ಬೀಜದ ಮೇಲೂ ಅಲ್ಲ. ಬೀಜವೇ ಎನ್ನುವುದಾದರೆ, ಸೊರಗು ರೋಗ ತಡೆಯುತ್ತದೆಂದು ನೀವು ದಶಕಗಳ ಕಾಲ ಬಿತ್ತಿದ ‘ಮಾರುತಿ’ ತಳಿ ಹೈದರಾಬಾದಿನ ಬಳಿಯ ಪಟನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯದು; 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ಅದೇ ಸಂಸ್ಥೆ ಆಫ್ರಿಕಾದ ರೈತರಿಗೂ ತೊಗರಿ ತಳಿಗಳನ್ನು ಕೊಟ್ಟಿದೆ. ಟಿಎಸ್-3ಆರ್, ಜಿಆರ್‌ಜಿ-811ರಂಥವು ಮಾತ್ರ ಕಲಬುರಗಿಯ ಸಂಶೋಧನಾ ಕೇಂದ್ರದಲ್ಲೇ ಹುಟ್ಟಿದವು. ಬೇಳೆ ಬೇಗ ಬೇಯುತ್ತದೆ, ರುಚಿ ಬೇರೆ ಎಂಬ ನಿಮ್ಮ ತಾಯಂದಿರ ಮಾತು ಈ ನೆಲದ ಬೇಳೆಗೆ ಸಲ್ಲುವಂಥದ್ದು.

ಆಮದು ಕಾಳಿನ ಮಾತು ಕಲ್ಪನೆಯದಲ್ಲ. ಬೇಳೆಯ ಬೆಲೆ ಏರಿದ್ದ ಕಾಲದಲ್ಲಿ, 2016ರಲ್ಲಿ, ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 1 ಲಕ್ಷ ಟನ್ನಿನಿಂದ ಶುರುಮಾಡಿ 2 ಲಕ್ಷ ಟನ್ನಿನವರೆಗೆ ತರಿಸಲು ಒಪ್ಪಿತು. 2017ರಲ್ಲಿ ಇಲ್ಲಿ ಬೆಲೆ ಕುಸಿದಾಗ ಆಮದಿಗೆ ಮಿತಿ ಹಾಕಿತು, 2021ರ ಮೇ ತಿಂಗಳಲ್ಲಿ ಮತ್ತೆ ತೆಗೆಯಿತು. ಮಾಲಾವಿ, ಮ್ಯಾನ್ಮಾರ್ ದೇಶಗಳ ಜೊತೆಗೂ ಒಪ್ಪಂದಗಳಾದವು. 2024-25ರಲ್ಲಿ ದೇಶಕ್ಕೆ ಬಂದ ತೊಗರಿ 12 ಲಕ್ಷ ಟನ್ನನ್ನೂ ದಾಟಿತು. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಕ್ವಿಂಟಲಿಗೆ 8,000 ರೂಪಾಯಿ ಬೆಂಬಲ ಬೆಲೆ ಸಾರಿತು. ಆ ಬೆಲೆಯ ಪಕ್ಕದಲ್ಲಿಯೇ ಹೊರಗಿನ ಕಾಳು ಬಂದು ನಿಲ್ಲುತ್ತದೆ.

ಇದನ್ನು ಕೇಳಿ ಸಿಟ್ಟು ಬರುವುದು ಸಹಜ. ಸಿಟ್ಟಿನಲ್ಲಿ, ಆಫ್ರಿಕಾದ ಕಾಳಿಗೆ ತೊಗರಿ ಎಂದು ಹೆಸರಿಡಲು ಬಿಡಬಾರದು, ಈ ಬೆಳೆ ನಮ್ಮ ದೇಶದ್ದು ಎನ್ನುವವರೂ ಇದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ಮೊಜಾಂಬಿಕ್‌ನ ರೈತನೂ ನಿಮ್ಮಂತೆಯೇ ಎರಡು ಮೂರು ಎಕರೆಯವನು. ನಮ್ಮ ಸರಕಾರ ಕೊಳ್ಳುತ್ತೇನೆಂದದ್ದಕ್ಕೇ ಅವನು ಹೆಚ್ಚು ಬಿತ್ತಿದ. ನಾವು ಬಾಗಿಲು ಹಾಕಿದ ವರ್ಷ ಅವನ ಕಾಳಿಗೂ ಗಿರಾಕಿ ಇಲ್ಲವಾಯಿತು. ಅವನು ತನ್ನ ಕಾಳನ್ನು ತೊಗರಿ ಎನ್ನಲಿ. ‘ಗುಲ್ಬರ್ಗಾ’ ಎನ್ನುವುದು ಬೇಡ, ಯಾವ ವ್ಯಾಪಾರಿಯೂ ಅವನ ಕಾಳಿಗೆ ಹಾಗೆನ್ನುವುದು ಬೇಡ. ಆಮದು ಎಷ್ಟಿರಬೇಕು, ಸುಂಕ ಎಷ್ಟಿರಬೇಕು ಎನ್ನುವುದು ಬೇರೆಯ ಹೋರಾಟ. ಅದನ್ನು ಅದರ ಹೆಸರಿನಲ್ಲಿಯೇ ಮಾಡಬೇಕು.

ಸಾಮಾನ್ಯ ಹೆಸರು ಮುಚ್ಚಿಹೋದರೆ ಏನಾಗುತ್ತದೆಂಬುದನ್ನು ನಾವೇ ಒಮ್ಮೆ ಅನುಭವಿಸಿದ್ದೇವೆ. 2023ರ ಮಾರ್ಚ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ನಂದಿನಿ ಮೊಸರಿನ ಪಾಕೀಟಿನ ಮೇಲೆ ‘ದಹಿ’ ಎಂದು ಬರೆದು ಮೊಸರು ಎಂಬುದನ್ನು ಕಂಸದಲ್ಲಿ ಹಾಕಿರಿ ಎಂದಿತು. ತಮಿಳುನಾಡಿಗೂ ಅದೇ ಸೂಚನೆ. ಇಲ್ಲಿಯೂ ಅಲ್ಲಿಯೂ ಜನ ಎದ್ದರು. ಅದೇ ತಿಂಗಳ 30ಕ್ಕೆ ಪ್ರಾಧಿಕಾರ ಸೂಚನೆಯನ್ನು ತಿದ್ದಿ, ಆಯಾ ಪ್ರಾಂತದ ರೂಢಿಯ ಹೆಸರನ್ನು ಬಳಸಬಹುದೆಂದಿತು. ಯಾರೂ ಮೊಸರನ್ನು ಕದ್ದಿರಲಿಲ್ಲ, ಅದರ ಹೆಸರನ್ನು ಕಂಸಕ್ಕೆ ತಳ್ಳಿದ್ದರು ಅಷ್ಟೆ. ಇನ್ನು ಮೈಸೂರು ಪಾಕ್. 2025ರಲ್ಲಿ ಜೈಪುರದ ಮಿಠಾಯಿ ಅಂಗಡಿಯೊಂದು ಅದರಲ್ಲಿರುವ ‘ಪಾಕ್’ ಪಾಕಿಸ್ತಾನವೆಂದು ತಿಳಿದು ‘ಮೈಸೂರು ಶ್ರೀ’ ಎಂದು ಬದಲಿಸಿದ ಸುದ್ದಿ ನೀವು ಓದಿರಬಹುದು. ಸಕ್ಕರೆ ಪಾಕ ಅವರಿಗೆ ಹೊಳೆಯಲಿಲ್ಲ ಪಾಪ.

ಇನ್ನೊಂದು ಎಚ್ಚರಿಕೆ ನಮ್ಮ ರಾಜ್ಯದ್ದೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಗುರುತು ಸಿಕ್ಕಿತು. ಇವತ್ತು ಬ್ಯಾಡಗಿಯ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರಗಳಿಂದ ಲಾರಿಗಟ್ಟಲೆ ಕಾಯಿ ಬರುತ್ತದೆ, ಅದರಲ್ಲಿ ಹೈಬ್ರಿಡ್ ತಳಿಗಳೂ ಇವೆ. ಮಾರುಕಟ್ಟೆಯ ಹೆಸರೂ ಬ್ಯಾಡಗಿ, ಕಾಯಿಯ ಹೆಸರೂ ಬ್ಯಾಡಗಿ. ಚೀಲದ ಮೇಲೆ ಬ್ಯಾಡಗಿ ಎಂದಿದ್ದರೆ ಅದು ಹೊಲವನ್ನು ಹೇಳುತ್ತದೋ ಮಾರುಕಟ್ಟೆಯನ್ನು ಹೇಳುತ್ತದೋ ದೂರದ ಗಿರಾಕಿಗೆ ತಿಳಿಯುವುದು ಹೇಗೆ? ಹೀಗೆ ಕಾಲ ಕಳೆದರೆ ಊರಿನ ಹೆಸರೇ ಬಗೆಯ ಹೆಸರಾಗಿ, ಚೆಡ್ಡರ್ ಹಳ್ಳಿಯ ಗತಿ ಬರುತ್ತದೆ. ಗುಲ್ಬರ್ಗಾ ಎಂಬುದು ಮಿಲ್ಲಿನ ವಿಳಾಸವಾಗಿ ಉಳಿದರೆ ತೊಗರಿಗೂ ಅಷ್ಟೆ.

ಹೊರದೇಶದ ಮಾತು ಒಂದಿದೆ. ಚೆನ್ನೈಯ ನೋಂದಣಿ ಭಾರತದೊಳಗೆ ಮಾತ್ರ ನಡೆಯುತ್ತದೆ. ದುಬೈಯ ಅಂಗಡಿಯಲ್ಲಿ, ನ್ಯೂಜೆರ್ಸಿಯ ಅಂಗಡಿಯಲ್ಲಿ ಯಾರೋ ‘ಗುಲ್ಬರ್ಗಾ’ ಎಂದು ಬರೆದುಕೊಂಡರೆ ಅಲ್ಲಿಯ ಕಾನೂನಿನಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಯುರೋಪಿನ ಒಕ್ಕೂಟದ ಜೊತೆ ಇಂಥ ಹೆಸರುಗಳ ಬಗ್ಗೆಯೇ ಒಪ್ಪಂದಕ್ಕೆ ಭಾರತ 2022ರ ಜೂನ್‌ನಲ್ಲಿ ಮಾತುಕತೆ ಆರಂಭಿಸಿತು. ಇಂಥ ಮಾತುಕತೆಯಲ್ಲಿ ಪಟ್ಟಿಗೆ ಪಟ್ಟಿ ಬದಲಾಗುತ್ತದೆ. ನಮ್ಮ ಹೆಸರುಗಳನ್ನು ಕಾಯಿರಿ ಎಂದು ಕೇಳುವಾಗ, ಅವರ ಚೀಸಿನ ಹೆಸರುಗಳನ್ನು ನಮ್ಮ ಡೇರಿಗಳು ಬಿಡಬೇಕೆಂದು ಅವರೂ ಕೇಳುತ್ತಾರೆ. ಬೇಳೆಯನ್ನು ಹೆಚ್ಚಾಗಿ ತಿನ್ನುವವರು ನಾವೇ ಆದ್ದರಿಂದ, ನನ್ನ ದೃಷ್ಟಿಯಲ್ಲಿ ಗುಲ್ಬರ್ಗಾ ಬೇಳೆಯ ಹೆಸರನ್ನು ಮೊದಲು ಕಾಯಬೇಕಾದದ್ದು ಬೆಂಗಳೂರು, ಪುಣೆ, ಹೈದರಾಬಾದುಗಳ ಅಂಗಡಿಯಲ್ಲಿ.

ಕಡೆಗೆ ಕೆಲಸದ ಮಾತು. ಅಧಿಕೃತ ಬಳಕೆದಾರರಾಗಲು ಮೊದಲು 500 ರೂಪಾಯಿ ಶುಲ್ಕವಿತ್ತು. 2020ರಲ್ಲಿ ನಿಯಮ ತಿದ್ದಿ ಅದನ್ನು 10 ರೂಪಾಯಿಗೆ ಇಳಿಸಿದರು. ಒಬ್ಬೊಬ್ಬರೇ ಅಲೆದಾಡುವುದಕ್ಕಿಂತ ನಿಮ್ಮ ಸಂಘದ ಮೂಲಕ ಒಟ್ಟಾಗಿ ಅರ್ಜಿ ತುಂಬುವುದು ಸುಲಭ. ಪಹಣಿ, ಎಷ್ಟು ಎಕರೆ ಬಿತ್ತಿದ್ದೀರಿ, ಯಾವ ತಳಿ ಎಂಬ ವಿವರ ಕೈಯಲ್ಲಿರಲಿ. ಕಾಳು ಮಾರುವಾಗ ಪಾವತಿಯ ಮೇಲೆ ಊರಿನ ಹೆಸರು ಬರೆಸಿಕೊಳ್ಳಿ. ಯಾವ ಹೊಲದ ಕಾಳು ಯಾವ ಮಿಲ್ಲಿಗೆ ಹೋಯಿತೆಂಬುದಕ್ಕೆ ನಾಳೆ ಆ ಚೀಟಿಯೇ ಸಾಕ್ಷಿ. ಇನ್ನು ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತೀರಲ್ಲ, ಆಗ ಗಿಡದಲ್ಲಿ ಕಾಯಿ ಬಲಿತಿರುತ್ತದೆ, ರಾಶಿಗೆ ಸ್ವಲ್ಪವೇ ದಿನ. ಅಷ್ಟರೊಳಗೆ ಅರ್ಜಿ ಹೋಗಿರಲಿ. ಹೇಗೆ ತುಂಬುವುದೆಂದು ಕೇಳುವವರು ಈಗ ಮುಂದೆ ಬನ್ನಿ, ಕಾಗದ ನನ್ನ ಹತ್ತಿರ ಇದೆ.